ಬಟ್ಟಲಿನಲ್ಲಿ ಉಳಿದದ್ದು

ಪೂಜ್ಯ ಫಾದರ್ ಕಾಸಿಯಾನ್ ಅವರಿಗೆ,

ಅಗ್ರಿಪೀನಾ ಬೊಸ್ತಾನ್ ಮಾಡುವ ನಮಸ್ಕಾರಗಳು. ಹೆಸರು ಓದಿದ ಕೂಡಲೇ ಈ ಕಾಗದವನ್ನು ಒಲೆಗೆ ಹಾಕಬೇಕು ಅನ್ನಿಸಿದರೆ ಹಾಕಿಬಿಡಿ, ನನ್ನ ತಕರಾರಿಲ್ಲ. ಆದರೆ ನೀವು ಯಾರ ಕಾಗದವನ್ನೂ ಓದದೆ ಬಿಸಾಡುವವರಲ್ಲ ಎಂದು ನಿಮ್ಮ ಹೆಂಡತಿ ದೊಮ್ನಿಕಾ ಅಮ್ಮ ಹೇಳಿದ್ದಾರೆ. ಆ ಧೈರ್ಯದ ಮೇಲೆ ಕೂತಿದ್ದೇನೆ. ಒಂಬತ್ತು ವರ್ಷದ ಹಿಂದೆ ನಮ್ಮ ಹಳ್ಳಿಯಿಂದ ಬಿಷಪ್ಪರಿಗೆ ನಿಮ್ಮ ಮೇಲೆ ದೂರು ಹೋಯಿತಲ್ಲ, ಅದರಲ್ಲಿ ಮೊದಲ ಸಹಿ ನನ್ನದು. ಸಹಿಯ ಪಕ್ಕದಲ್ಲಿ "ಆರೋಗ್ಯ ಕೇಂದ್ರದ ನರ್ಸ್" ಎಂದು ದಪ್ಪಗೆ ಬರೆದವಳೂ ನಾನೇ. ಪಾದ್ರಿಗಳು ಕುಡಿದು ಪೂಜೆ ಮಾಡುತ್ತಾರೆ ಎಂದು ಹೇಳಿದೆ. ನೀವು ಕುಡುಕರಾಗಿರಲಿಲ್ಲ, ರೋಗಿಯಾಗಿದ್ದಿರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬಂದರೆ ನಡುದಾರಿಯಲ್ಲೇ ಧೈರ್ಯ ಕೈಕೊಡುತ್ತದೆ.

ನನಗೆ ಇದು ಹೇಗೆ ತಿಳಿಯಿತು ಎಂದರೆ, ಕಳೆದ ದ್ರಾಕ್ಷಿ ಸುಗ್ಗಿಯಲ್ಲಿ ನನ್ನ ಹೊಟ್ಟೆಯನ್ನೂ ಕೊಯ್ದರು. ಮೊಣಕಾಲು ನೋವಿಗೆಂದು ವರ್ಷಗಟ್ಟಲೆ ಮಾತ್ರೆ ನುಂಗಿದ್ದೆ. ಬೇರೆಯವರಾದರೆ "ಖಾಲಿ ಹೊಟ್ಟೆಗೆ ನುಂಗ್ತೀಯಲ್ಲ, ಬುದ್ಧಿ ಇದೆಯಾ ನಿನಗೆ" ಎಂದು ಗದರುತ್ತಿದ್ದೆ. ನನಗೆ ಗದರುವವರು ಯಾರು? ಒಳಗೆ ಹುಣ್ಣಾಗಿ, ತೋಟದಲ್ಲಿ ದ್ರಾಕ್ಷಿ ಬುಟ್ಟಿಯ ಪಕ್ಕದಲ್ಲೇ ರಕ್ತ ಕಾರಿಕೊಂಡು ಬಿದ್ದೆ. ರಾಜಧಾನಿ ಕಿಶಿನೌವಿನ ಆಸ್ಪತ್ರೆಯಲ್ಲಿ ಜಠರದ ಮುಕ್ಕಾಲು ಪಾಲು ತೆಗೆದು, ಉಳಿದ ತುಂಡನ್ನು ಕರುಳಿಗೆ ಹೊಲಿದು ಮನೆಗೆ ಕಳಿಸಿದರು. ಕ್ರಿಸ್ಮಸ್ ಬಂತು. ಮಗಳು ಜೇನು ಸುರಿದು ಕೇಕು ಮಾಡಿದ್ದಳು. ಒಂದು ದೊಡ್ಡ ತುಂಡು ತಿಂದೆ, ಮೇಲೆ ಒಂದು ಲೋಟ ಚೆರ್ರಿ ಪಾನಕ ಕುಡಿದೆ.

ಕಾಲು ಗಂಟೆ ಆಗಿತ್ತೋ ಇಲ್ಲವೋ, ಮುಖಕ್ಕೆ ಬಿಸಿ ಏರಿತು. ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕತ್ತಿನಿಂದ ಬೆವರು ಧಾರಾಕಾರ. ಹೊಟ್ಟೆಯಲ್ಲಿ ಯಾರೋ ಹಿಡಿದು ತಿರುಚಿದ ಹಾಗೆ, ಕಕ್ಕಸಿಗೆ ಓಡುವಷ್ಟರಲ್ಲಿ ಸಾಕುಬೇಕಾಯಿತು. ವಾಪಸು ಬಂದವಳು ಗೋಡೆ ಹಿಡಿದುಕೊಂಡು ತೂರಾಡುತ್ತ ಅಡುಗೆಮನೆಯ ನೆಲದ ಮೇಲೇ ಮಲಗಿಬಿಟ್ಟೆ. ಎಲ್ಲಾದರೂ ಸರಿ, ಮಲಗಬೇಕು, ಅಷ್ಟೇ ಬೇಕಾಗಿತ್ತು. ಮೊಮ್ಮಗಳು ಇಲೀನ್ಕಾ ಬಂದು ನನ್ನ ಮುಖದ ಹತ್ತಿರ ಮುಖ ತಂದು ನೋಡಿದಳು. "ಅಜ್ಜಿ, ನೀನು ವೈನ್ ಕುಡ್ಕೊಂಡಿದ್ದೀಯಾ?" ಎಂದು ಕೇಳಿದಳು. ನೀವೇ ನೀರಿನಲ್ಲಿ ಮುಳುಗಿಸಿ ಹೆಸರಿಟ್ಟ ಮಗು, ಫಾದರ್. ಈಗ ಒಂಬತ್ತು ವರ್ಷ. ನನಗೆ ನಗು ಬರಲಿಲ್ಲ, ಮೈಯೆಲ್ಲ ಒಮ್ಮೆ ಜುಮ್ಮೆಂದಿತು. ಯಾಕೆ ಎಂದು ಆಗ ತಿಳಿಯಲಿಲ್ಲ.

ತಿಳಿದದ್ದು ಮತ್ತೆ ಆಸ್ಪತ್ರೆಗೆ ಹೋದಾಗ. ಸ್ತೆಲಿಯಾನಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ನನ್ನ ಮಗಳಿಗಿಂತ ಚಿಕ್ಕವಳು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಗಡಿಬಿಡಿ ಇಲ್ಲದೆ ಒಂದೊಂದೇ ಕೇಳಿದಳು. "ಅಮ್ಮ, ತಿಂದ ಎಷ್ಟು ಹೊತ್ತಿಗೆ ಶುರುವಾಗತ್ತೆ? ಮುಖ ಕೆಂಪಗಾಗತ್ತಾ? ಎದೆ ಹೊಡ್ಕೊಳ್ಳತ್ತಾ? ಮಲಗಿಬಿಡೋಣ ಅನ್ಸತ್ತಾ?" ಎಲ್ಲದಕ್ಕೂ ಹೌದು ಎಂದೆ. "ಸಿಹಿ ತಿಂದ್ರೆ ಜಾಸ್ತಿನಾ? ಊಟದ ಜೊತೆ ನೀರು ಕುಡಿದ್ರೆ ಇನ್ನೂ ಜಾಸ್ತಿನಾ?" ಹೌದು. "ಒಂದೆರಡು ಗಂಟೆ ಬಿಟ್ಟು ಇನ್ನೊಂದು ಸಲ ಬರತ್ತಾ? ಕೈ ನಡುಗೋದು, ತಣ್ಣಗೆ ಬೆವರೋದು, ಮಾತು ತಡವರಿಸೋದು, ಗೊತ್ತಿರೋ ಹೆಸರೇ ಮರೆತುಹೋಗೋದು?" ಹೌದು ಎಂದೆ, ಆದರೆ ಧ್ವನಿ ಸಣ್ಣದಾಯಿತು. "ಆಗ ಒಂದು ಸಕ್ಕರೆ ಚೂರು ಬಾಯಿಗೆ ಹಾಕ್ಕೊಂಡ್ರೆ ಹತ್ತು ನಿಮಿಷದಲ್ಲಿ ಸರಿಹೋಗತ್ತಾ?"

ಫಾದರ್, ಅವಳು ಕೇಳುತ್ತಿದ್ದದ್ದು ನನ್ನ ಕಥೆಯನ್ನೇ, ಆದರೆ ನನ್ನ ಕಣ್ಣ ಮುಂದೆ ನಿಂತಿದ್ದವರು ನೀವು.

ಇದಕ್ಕೆ ಡಂಪಿಂಗ್ ಸಿಂಡ್ರೋಮ್ ಎನ್ನುತ್ತಾರೆ ಎಂದಳು. ಜಠರ ಸರಿಯಾಗಿದ್ದರೆ ತಿಂದದ್ದನ್ನು ತಡೆದು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುತ್ತದೆ. ಕೊಯ್ಸಿಕೊಂಡವರಲ್ಲಿ ತಡೆಯುವುದಕ್ಕೆ ಏನೂ ಇಲ್ಲ, ಸಿಹಿಯೆಲ್ಲ ಒಮ್ಮೆಲೇ ಕರುಳಿಗೆ ಸುರಿಯುತ್ತದೆ, ಮೈಯಲ್ಲಿರುವ ನೀರು ಅದರ ಹಿಂದೆ ಓಡುತ್ತದೆ, ಎದೆ ಕಂಗಾಲಾಗಿ ಹೊಡೆದುಕೊಳ್ಳುತ್ತದೆ. ಆಮೇಲೆ ರಕ್ತದಲ್ಲಿ ಸಕ್ಕರೆ ಏಕಾಏಕಿ ಕುಸಿದು ಮನುಷ್ಯನಿಗೆ ಮೈಮೇಲೆ ಜ್ಞಾನವೇ ಇರುವುದಿಲ್ಲ. ನಾನು ಕೇಳಿದೆ: "ಡಾಕ್ಟ್ರೇ, ಹೊಟ್ಟೆ ಕೊಯ್ಸಿಕೊಂಡ ಒಬ್ಬರು ಬೆಳಗ್ಗೆಯಿಂದ ಹನಿ ನೀರೂ ಮುಟ್ಟದೆ ಇದ್ದು, ಒಂದು ಬಟ್ಟಲು ಸಿಹಿ ವೈನ್‌ಗೆ ಬಿಸಿನೀರು ಬೆರೆಸಿ ಒಂದೇ ಸಲಕ್ಕೆ ಕುಡಿದುಬಿಟ್ರೆ?" ಅವಳು ನಕ್ಕುಬಿಟ್ಟಳು. "ಅಯ್ಯೋ, ಶತ್ರುವಿಗೂ ಬೇಡ ಅಮ್ಮ! ಯಾರು ಹಾಗೆ ಮಾಡ್ತಾರೆ?" ಎಂದಳು. "ಪಾದ್ರಿಗಳು ಮಾಡ್ತಾರೆ," ಎಂದೆ. "ಪ್ರತಿ ಭಾನುವಾರ." ಅವಳ ನಗು ಅಲ್ಲಿಗೇ ನಿಂತಿತು.

ನಮ್ಮ ಆರ್ಥೊಡಾಕ್ಸ್ ಚರ್ಚಿನಲ್ಲಿ ಪಾದ್ರಿಗಳು ಉಪವಾಸವಿದ್ದೇ ಪೂಜೆ ಮಾಡಬೇಕು; ಮುಗಿದ ಮೇಲೆ ಬಟ್ಟಲಿನಲ್ಲಿ ಉಳಿದ ಪರಮಪ್ರಸಾದವನ್ನು, ಬಿಸಿನೀರು ಬೆರೆಸಿದ ಆ ವೈನನ್ನು, ಚೆಲ್ಲುವ ಹಾಗಿಲ್ಲ, ಎತ್ತಿಡುವ ಹಾಗಿಲ್ಲ, ಕೊನೆಯ ಹನಿಯವರೆಗೆ ಪಾದ್ರಿಗಳೇ ಮುಗಿಸಬೇಕು. ಇದು ಮೂರು ವರ್ಷದ ಮಗುವಿಗೂ ಗೊತ್ತು. ನೀವು ಮೊದಲು ಇದ್ದ ಪಟ್ಟಣದ ಚರ್ಚಿನಲ್ಲಿ ಆ ಕೆಲಸಕ್ಕೆ ಒಬ್ಬ ಡೀಕನ್, ಸಹಾಯಕ ಪಾದ್ರಿ, ಇದ್ದನಂತೆ. ನಮ್ಮಲ್ಲಿ ನಿಮ್ಮನ್ನು ಬಿಟ್ಟರೆ ಇನ್ಯಾರು? ಹಳ್ಳಿಯ ಜನ ನೂರು ಮಂದಿ ಬರುತ್ತಾರೆಂದು ಬಟ್ಟಲು ತುಂಬಿಸುತ್ತಿದ್ದಿರಿ, ಮುಂದೆ ಬಂದು ಬಾಯಿ ತೆರೆಯುತ್ತಿದ್ದವರು ಹನ್ನೊಂದು ಮುದುಕಿಯರು. ಉಳಿದದ್ದೆಲ್ಲ ನಿಮ್ಮ ಪಾಲಿಗೆ.

ನೀವು ಮುಚ್ಚಿಟ್ಟಿದ್ದಿರಿ ಎಂದು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುವ ದಾರಿಯೂ ನನಗಿಲ್ಲ. ಹಳ್ಳಿಗೆ ಬಂದ ಮೊದಲ ವಾರವೇ ನನ್ನ ಕೇಂದ್ರಕ್ಕೆ ಬಂದಿದ್ದಿರಿ. "ಅಗ್ರಿಪೀನಮ್ಮ, ನನ್ನ ಹೆಸರೂ ಬರ್ಕೊಳ್ಳಿ. ಹೋದ ವರ್ಷ ಹುಣ್ಣು ಒಡೆದು ಹೊಟ್ಟೆಯ ಮುಕ್ಕಾಲು ಭಾಗ ತೆಗೆದುಬಿಟ್ಟಿದ್ದಾರೆ" ಎಂದಿರಿ. ನಾನು ಕಾರ್ಡ್ ತೆಗೆದು "ಜಠರದ ಶಸ್ತ್ರಚಿಕಿತ್ಸೆ. ಈಗ ತೊಂದರೆ ಇಲ್ಲ" ಎಂದು ಗೀಚಿದೆ. ತೊಂದರೆ ಇದೆಯಾ ಎಂದು ಕೇಳಲೇ ಇಲ್ಲ! ಹೊರಗೆ ಲಸಿಕೆಗೆ ಬಂದ ಮಕ್ಕಳು ಅಳುತ್ತಿದ್ದವು, ನೀವು ಏನೋ ಹೇಳಲು ಬಾಯಿ ತೆರೆದಿರಿ, "ಆಯ್ತು ಫಾದರ್, ಇನ್ನೊಂದು ದಿನ ಮಾತಾಡೋಣ" ಎಂದು ಕಳಿಸಿದೆ. ಆ ಇನ್ನೊಂದು ದಿನ ಬರಲಿಲ್ಲ. ಡಾಕ್ಟರಿಲ್ಲದ ಊರಿನಲ್ಲಿ ನಲವತ್ತು ವರ್ಷ ಎಲ್ಲರ ಹೊಟ್ಟೆಯೊಳಗಿನ ಸುದ್ದಿ ಬರೆದುಕೊಂಡವಳು ನಾನು, ಹಸುವಿಗೆ ಹೊಟ್ಟೆ ಉಬ್ಬರಿಸಿದರೂ ನನ್ನನ್ನೇ ಕರೆಯುತ್ತಿದ್ದರು. ನಿಮಗೆ ಮಾತ್ರ ನಾಲ್ಕು ಪ್ರಶ್ನೆ ಕೇಳಲಿಲ್ಲ.

ಕಾಣದೆ ಇರಲಿಲ್ಲ, ಎಲ್ಲ ಕಣ್ಣ ಮುಂದೆಯೇ ಇತ್ತು. ಸತ್ತವರ ಹೆಸರಿನಲ್ಲಿ ಸಕ್ಕರೆ ಹಾಕಿ ಬೇಯಿಸಿದ ಗೋಧಿಯನ್ನು ಮನೆಮನೆಯಲ್ಲೂ ಕೊಡುತ್ತಿದ್ದರು, ನೀವು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ತಟ್ಟೆ ಕೆಳಗಿಡುತ್ತಿದ್ದಿರಿ. "ಪಟ್ಟಣದ ಪಾದ್ರಿ ಕಣೆ, ನಮ್ಮ ಗೋಧಿ ಗಂಟಲಲ್ಲಿ ಇಳಿಯಲ್ಲ" ಎಂದು ಪಕ್ಕದ ಮನೆಯ ವರ್ವಾರಾ ಮೂಗು ಮುರಿಯುತ್ತಿದ್ದಳು. ಊಟದ ಜೊತೆ ನೀರು ಮುಟ್ಟುತ್ತಿರಲಿಲ್ಲ. ಜೇಬಿನಿಂದ ಒಣ ರೊಟ್ಟಿ, ಗಿಣ್ಣು ತೆಗೆದು ಗುಬ್ಬಚ್ಚಿಯ ಹಾಗೆ ತಿನ್ನುತ್ತಿದ್ದಿರಿ. ಉಂಡ ತಕ್ಷಣ ಯಾರ ಮನೆಯಲ್ಲಿದ್ದರೂ "ಐದು ನಿಮಿಷ ಒರಗಿಕೊಳ್ಳಲಾ?" ಎಂದು ಕೇಳುತ್ತಿದ್ದಿರಿ. ಇದನ್ನೆಲ್ಲ ನಾವು ಕೊಬ್ಬು ಎಂದುಕೊಂಡೆವು. ನಾನೂ ಎಂದುಕೊಂಡೆ.

ಈಗ ವೈನ್ ವಿಷಯಕ್ಕೆ ಬರಬೇಕು. ಬರೆಯಲು ಕೈ ಬರುತ್ತಿಲ್ಲ. ಬಟ್ಟಲಿಗೆ ಬೀಳುತ್ತಿದ್ದ ದ್ರಾಕ್ಷಾರಸ ನಮ್ಮ ತೋಟದ್ದು. ಹಣ್ಣನ್ನು ಹುಲ್ಲಿನ ಮೇಲೆ ಮೂರು ವಾರ ಒಣಗಿಸಿ, ಜೇನಿನಷ್ಟು ಸಿಹಿಯಾಗುವ ಹಾಗೆ ಮಾಡುವುದು ನನ್ನ ಯಜಮಾನರ ಕೈಗುಣ. ಅವರು ತೀರಿಕೊಂಡ ಮೇಲೂ ಅದೇ ಪೀಪಾಯಿಯಲ್ಲಿ ನಾನೇ ಮಾಡಿದೆ. ಇಡೀ ಹಳ್ಳಿಯಲ್ಲಿ ನಮ್ಮ ಮನೆಯದೇ ದೇವರ ಬಟ್ಟಲಿಗೆ ಹೋಗುತ್ತದೆ ಎಂಬ ಜಂಬ ನನಗೆ. ಒಂದು ದಿನ ನೀವು ನಮ್ಮ ಗೇಟಿನ ಹತ್ತಿರ ನಿಂತು, ಕೈಯಲ್ಲಿ ಟೋಪಿ ತಿರುಗಿಸುತ್ತ, "ಅಗ್ರಿಪೀನಮ್ಮ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ಸ್ವಲ್ಪ ಹುಳಿ ವೈನ್ ಕೊಡೋಕಾಗತ್ತಾ? ಇಷ್ಟು ಸಿಹಿ ಬೇಡ" ಎಂದಿರಿ. ನನಗೆ ಕೆನ್ನೆಗೆ ಹೊಡೆದಷ್ಟು ಅವಮಾನವಾಯಿತು. "ನಮ್ಮ ಯಜಮಾನರ ವೈನಿನಲ್ಲಿ ಇದುವರೆಗೆ ಯಾವ ಪಾದ್ರಿಯೂ ಕೊಂಕು ತೆಗ್ದಿಲ್ಲ. ನಿಮಗೆ ರುಚಿ ನೋಡಿ ನೋಡಿ ನಾಲಿಗೆ ಬೆಳೆದಿದೆ" ಎಂದುಬಿಟ್ಟೆ. ನೀವು ಕ್ಷಮಿಸಿ ಎಂದು ತಲೆ ತಗ್ಗಿಸಿಕೊಂಡು ಹೋದಿರಿ. ಮುಂದಿನ ಭಾನುವಾರ ನಾನು ಹಟಕ್ಕೆಂದೇ ಪೀಪಾಯಿಯ ತಳದ ದಪ್ಪ ಸಿಹಿ ವೈನ್ ಕಳಿಸಿದೆ. ಥೂ, ನನ್ನ ಬುದ್ಧಿಗಿಷ್ಟು!

ಇಲೀನ್ಕಾಳ ಜ್ಞಾನಸ್ನಾನ ಆ ಭಾನುವಾರವೇ ಇತ್ತು. ಬೆಳಗಿನ ಪೂಜೆ ಮುಗಿಸಿ, ಬಟ್ಟಲು ಖಾಲಿ ಮಾಡಿ, ಎರಡು ಗಂಟೆ ಬಿಟ್ಟು ನೀವು ನೀರಿನ ಕೊಪ್ಪರಿಗೆಯ ಹತ್ತಿರ ಬಂದಿರಿ. ಮುಖ ಬಿಳುಚಿಕೊಂಡಿತ್ತು, ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಮಗುವನ್ನು ಎತ್ತಿಕೊಂಡ ಕೈ ಗಡಗಡ ನಡುಗುತ್ತಿತ್ತು. ಹೆಸರು ಹೇಳಬೇಕಾದಾಗ ಮೂರು ಸಲವೂ ಬೇರೆ ಯಾರದೋ ಹೆಸರು ಹೇಳಿದಿರಿ. ಕೊನೆಯ ಸಲ ಮುಳುಗಿಸುವಾಗ ಕೈ ಜಾರಿತು. ಮಗುವಿನ ತಾಯಿ, ನನ್ನ ಮಗಳು, ಕಿರುಚಿಕೊಂಡಳು, ನಾನು ಹಾರಿ ಹೋಗಿ ಮಗುವನ್ನು ಕಿತ್ತುಕೊಂಡೆ. ಆ ಹೊತ್ತಿನ ಭಯವನ್ನು ನಾನು ಸುಳ್ಳು ಎನ್ನಲಾರೆ ಫಾದರ್, ಕೂಸು ನೀಲಿಗಟ್ಟಿತ್ತು. ಅದು ಅತ್ತ ಮೇಲೆ ನಾನು ನಿಮ್ಮ ಬಾಯಿಯ ಹತ್ತಿರ ಮೂಗು ತಂದು ಎಲ್ಲರ ಎದುರು ಮೂಸಿದೆ. "ವೈನ್ ವಾಸನೆ!" ಎಂದು ಕೂಗಿದೆ. ಭಾನುವಾರ ಮಧ್ಯಾಹ್ನ ಯಾವ ಪಾದ್ರಿಯ ಬಾಯಲ್ಲಿ ವೈನ್ ವಾಸನೆ ಇರುವುದಿಲ್ಲ? ಅಲ್ಲಿದ್ದ ಒಬ್ಬರಿಗೂ ಅದು ಹೊಳೆಯಲಿಲ್ಲ, ಏಕೆಂದರೆ ಹೇಳಿದವಳು ನರ್ಸಮ್ಮ.

ದೊಮ್ನಿಕಾ ಅಮ್ಮ ಓಡಿಬಂದು ನಿಮ್ಮ ಬಾಯಿಗೆ ಎರಡು ಸಕ್ಕರೆ ಅಚ್ಚು ತುರುಕಿದರು. "ನೋಡ್ರೇ, ವಾಸನೆ ಮುಚ್ಚೋಕೆ ಸಕ್ಕರೆ ತಿನ್ನಿಸ್ತಿದ್ದಾಳೆ" ಎಂದಳು ವರ್ವಾರಾ. ಹತ್ತೇ ನಿಮಿಷದಲ್ಲಿ ನಿಮ್ಮ ನಡುಕ ನಿಂತಿತು, ಮಾತು ಸ್ಪಷ್ಟವಾಯಿತು, ಉಳಿದ ಪ್ರಾರ್ಥನೆಯನ್ನು ಒಂದಕ್ಷರ ತಪ್ಪದೆ ಮುಗಿಸಿದಿರಿ. ಅಲ್ಲಾ, ಸಕ್ಕರೆ ತಿಂದು ಅಮಲು ಇಳಿದ ಕುಡುಕನನ್ನು ನಾನು ಎಲ್ಲಿ ಕಂಡಿದ್ದೆ? ಹಳ್ಳಿಯ ಅರ್ಧ ಗಂಡಸರ ಅಮಲು ಇಳಿಸಿದವಳು ನಾನು! ಕಣ್ಣು ನೋಡಿತು, ಆದರೆ ಮನಸ್ಸು ಆಗಲೇ ತೀರ್ಪು ಬರೆದು ಮುಗಿಸಿತ್ತು.

ವಿಚಾರಣೆಗೆ ಬಂದ ಬಿಷಪ್ಪರ ಕಡೆಯವರು ನನ್ನನ್ನು ಬೇರೆಯಾಗಿ ಕೂರಿಸಿ ಕೇಳಿದರು, "ನೀವು ವೈದ್ಯಕೀಯ ತಿಳಿದವರು, ಇದು ಕಾಯಿಲೆ ಇರಬಹುದಾ?" ಅವರಾದರೂ ಕೇಳಿದರು, ಫಾದರ್. ನಾನು "ಕಾಯಿಲೆ ಅಲ್ಲ, ಕುಡಿತ" ಎಂದೆ. ನಿಮ್ಮನ್ನು ಕರೆದು ಏನು ಹೇಳುತ್ತೀರಿ ಎಂದಾಗ ನೀವು ನನ್ನ ಕಡೆ ತಿರುಗಿ ನೋಡಿ, "ಅಗ್ರಿಪೀನಮ್ಮ ಸುಳ್ಳು ಹೇಳುವವರಲ್ಲ" ಎಂದಿರಿ, ಅಷ್ಟೇ. ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಪೂಜೆ ಮಾಡುವ ಅಧಿಕಾರ ಹೋಯಿತು. ಸಾಮಾನು ಗಾಡಿಗೆ ಏರಿಸುವಾಗ ಒಬ್ಬರೂ ಕೈಹಾಕಲಿಲ್ಲ. ನಾನು ಕೇಂದ್ರದ ಕಿಟಕಿಯ ಪರದೆ ಎಳೆದುಕೊಂಡೆ.

ಫೆಬ್ರವರಿಯಲ್ಲಿ ನೀವೀಗ ಇರುವ ಸೊರೊಕಾ ಪಟ್ಟಣಕ್ಕೆ ಬಂದಿದ್ದೆ. ನಿಮ್ಮ ಮಗಳ ಮನೆ ಹುಡುಕಿ ಬಾಗಿಲು ತಟ್ಟಿದೆ. ನೀವು ಚರ್ಚಿನ ಒಲೆಗೆ ಸೌದೆ ಒಡೆಯಲು ಹೋಗಿದ್ದಿರಿ. ದೊಮ್ನಿಕಾ ಅಮ್ಮ ನನ್ನನ್ನು ಗುರುತಿಸಿ, ಒಳಗೆ ಬಾ ಎನ್ನದೆ ಬಾಗಿಲಿಗೆ ಅಡ್ಡ ನಿಂತರು. ಆಮೇಲೆ ನನ್ನ ಬಟ್ಟೆ ನನಗೆ ಸಡಿಲವಾದದ್ದನ್ನು ನೋಡಿ, "ನಿನಗೂ ಕೊಯ್ದರಾ?" ಎಂದು ಕೇಳಿದರು. ನಾನು ಹೊಸಿಲ ಮೇಲೇ ಕೂತು ಅತ್ತೆ. ಯಾಕೆ ಬಾಯಿ ಬಿಡಲಿಲ್ಲ ಅಮ್ಮಾ, ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಅವರು ಹೇಳಿದರು: "ನಾನು ಹೇಳ್ತೀನಿ ಅಂದೆ, ಕಾಲಿಗೆ ಬಿದ್ದೆ. ಅವರು ಬಿಡ್ಲಿಲ್ಲ. 'ಬಟ್ಟಲಲ್ಲಿರೋದು ದೇವರ ರಕ್ತ ಅಂತ ಜನಕ್ಕೆ ಹೇಳೋನು ನಾನು, ಅದೇ ನನ್ನನ್ನ ಕಾಯಿಲೆ ಬೀಳಿಸ್ತು ಅಂತ ಅದೇ ಬಾಯಲ್ಲಿ ಹೇಗೆ ಹೇಳ್ಲಿ? ನಾಳೆ ತಾಯಂದಿರು ಮಕ್ಕಳನ್ನ ಬಟ್ಟಲ ಹತ್ತಿರ ಕರ್ಕೊಂಡು ಬರೋಕೆ ಹೆದರ್ತಾರೆ. ಅದಕ್ಕಿಂತ ನಾನು ಕುಡುಕ ಅನ್ನಿಸ್ಕೊಂಡ್ರೆ ನಷ್ಟ ಏನು?' ಅಂದ್ರು. ಏನು ನಷ್ಟ ಅಂತ ಈಗ ನೀನೇ ನೋಡು ಅಕ್ಕ. ಈ ಒಂಬತ್ತು ವರ್ಷದಲ್ಲಿ ಅವರು ಒಂದು ಸಲವೂ ಪ್ರಸಾದ ತಗೊಂಡಿಲ್ಲ. ಚರ್ಚಲ್ಲಿ ಹಿಂದಿನ ಗೋಡೆಗೆ ಒರಗಿ ನಿಲ್ತಾರೆ. ಎಲ್ಲರೂ ಮುಂದೆ ಹೋಗ್ತಾರೆ, ಇವರು ಹೋಗಲ್ಲ. ಅಲ್ಲಿ ಮತ್ತೆ ಬಿದ್ದುಬಿಟ್ರೆ ಅಂತ."

ಅಂಗಳದಲ್ಲಿ ನಿಮ್ಮ ಹೆಜ್ಜೆ ಸದ್ದು ಕೇಳಿಸಿತು. ನಾನು ಎದ್ದು ಮನೆಯೊಳಗಿಂದ ಹಾದು ಹಿತ್ತಲ ಬಾಗಿಲಿಂದ ಹೊರಟುಬಂದೆ. ಅಷ್ಟು ದೂರ ಬಂದು ಓಡಿಹೋದೆ, ಅದನ್ನೂ ಬರೆದುಬಿಡುತ್ತೇನೆ.

ಆದರೆ ಊರಿಗೆ ಬಂದ ಮೇಲೆ ಸುಮ್ಮನಿರಲಿಲ್ಲ. ಬಿಷಪ್ಪರ ಕಚೇರಿಗೆ ಹೋಗಿ, ನನ್ನ ಮಾತು ತಪ್ಪು, ರೋಗಿಯ ವಿವರ ಕೇಳದೆ ಹೇಳಿದ್ದು ಎಂದು ಬರೆದುಕೊಟ್ಟು, ಸ್ತೆಲಿಯಾನಾ ಡಾಕ್ಟರ ಪತ್ರವನ್ನೂ ಲಗತ್ತಿಸಿ ಬಂದೆ. ನೋಡುತ್ತೇವೆ ಎಂದಿದ್ದಾರೆ. ನಮ್ಮ ಚರ್ಚಿನಲ್ಲೂ ಪೂಜೆ ಮುಗಿದ ಮೇಲೆ ಎದ್ದು ನಿಂತು ಎಲ್ಲ ಹೇಳಿದೆ. ವರ್ವಾರಾ "ಈಗ್ಯಾಕೆ ಕೆದಕ್ತೀಯೇ, ಆಗಿದ್ದು ಆಯ್ತು" ಎಂದು ಸಿಡುಕಿದಳು. ಹಾಡುಗಾರ ಜಹರಿಯಾ ಮಾತ್ರ ಬೆಂಚಿನ ಮೇಲೆ ಕುಸಿದು ಕೂತ. "ನಾನು ಪ್ರತಿ ವಾರ ನೋಡ್ತಿದ್ದೆ. ಪೂಜೆ ಆದ್ಮೇಲೆ ತೆರೆಯ ಹಿಂದೆ ನೆಲದ ಮೇಲೆ ಮಲಗಿ, ಎದೆ ಮೇಲೆ ಕೈ ಇಟ್ಕೊಂಡು ಪ್ರಾರ್ಥನೆ ಮಾಡ್ತಿದ್ರು. ಕುಡಿದೋರು ಹಾಗೆ ಮಲಗಲ್ಲ ಅಂತ ಅನ್ನಿಸ್ತಿತ್ತು" ಎಂದ. ಹಾಗಾದರೆ ಯಾಕೋ ಹೇಳಲಿಲ್ಲ ಎಂದು ಅವನ ಮೇಲೆ ರೇಗಿದೆ. "ನರ್ಸಮ್ಮ ಹೇಳಿದ ಮೇಲೆ ನಾನ್ಯಾರು ಹೇಳೋಕೆ?" ಎಂದ.

ಕ್ಷಮಿಸಿ ಎಂದು ಕೇಳುವುದಕ್ಕೆ ಈ ಕಾಗದ ಸಾಲದು. ನಿಮ್ಮ ಒಂಬತ್ತು ವರ್ಷವನ್ನು ನಾನು ಎಲ್ಲಿಂದ ತರಲಿ? ಆದರೆ ನನ್ನ ಕೈಲಿ ಒಂದು ಕೆಲಸ ಆಗುತ್ತದೆ, ಅದು ನಾನು ನಲವತ್ತು ವರ್ಷ ಮಾಡಿದ ಕೆಲಸ. ನಿಮ್ಮನ್ನು ಕೆಡವಿದ್ದು ಬಟ್ಟಲು ತುಂಬ ಉಳಿದದ್ದು, ಖಾಲಿ ಹೊಟ್ಟೆಗೆ ಒಮ್ಮೆಲೇ ಬಿದ್ದದ್ದು, ನಾನು ಹಟಕ್ಕೆ ಕಳಿಸಿದ ಸಿಹಿ. ಜನ ಮುಂದೆ ಹೋಗಿ ತೆಗೆದುಕೊಳ್ಳುವುದು ಒಂದು ಸಣ್ಣ ಚಮಚೆ, ಅಷ್ಟಕ್ಕೆ ನಮ್ಮಂಥವರ ಹೊಟ್ಟೆಯೂ ಕೆಡುವುದಿಲ್ಲ. ಇದು ನಾನು ಡಾಕ್ಟರನ್ನು ಎರಡೆರಡು ಸಲ ಕೇಳಿ ಹೇಳುತ್ತಿರುವ ಮಾತು. ಅಷ್ಟಕ್ಕೇ ಬಿಡಲಿಲ್ಲ. ಮೊನ್ನೆ ಭಾನುವಾರ ಬೆಳಗ್ಗೆಯಿಂದ ಏನೂ ತಿನ್ನದೆ, ನೀರೂ ಕುಡಿಯದೆ, ನಾನೇ ಬಟ್ಟಲ ಮುಂದೆ ಹೋದೆ. ನಿಮಗಿರುವ ಅದೇ ಹೊಟ್ಟೆ ಹೊತ್ತುಕೊಂಡು ಹೋದೆ. ಒಂದು ಚಮಚೆ ತೆಗೆದುಕೊಂಡು ಪಕ್ಕಕ್ಕೆ ಬಂದು, ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗಡಿಯಾರ ನೋಡುತ್ತ ನಿಂತೆ. ಹತ್ತು ನಿಮಿಷಕ್ಕೆ ನಾಡಿ ಎಪ್ಪತ್ತೆಂಟು. ಕಾಲು ಗಂಟೆಗೆ ಎಪ್ಪತ್ತಾರು. ಅರ್ಧ ಗಂಟೆಗೆ ಎಪ್ಪತ್ತಾರು. ಎರಡು ಗಂಟೆ ಅಲ್ಲೇ ಕೂತಿದ್ದೆ, ಜಹರಿಯಾ ಬೀಗ ಹಾಕಲು ಬಂದು ಗೊಣಗಿದ. ಬೆವರಲಿಲ್ಲ, ನಡುಗಲಿಲ್ಲ, ಎಲ್ಲರ ಹೆಸರೂ ನೆನಪಿತ್ತು.

ಏನೂ ಆಗುವುದಿಲ್ಲ, ಫಾದರ್. ಈ ಭಾನುವಾರ ಹಿಂದಿನ ಗೋಡೆ ಬಿಟ್ಟು ಮುಂದೆ ಹೋಗಿ.

ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಬೇಡಿಕೊಳ್ಳುವ,
ಅಗ್ರಿಪೀನಾ